ಮೂರನೇ ಮಹಡಿಗೆ ಬೀಟೆ ಮಂಚ

ಬೀಟೆ ಮರವನ್ನು ಹೊಗಳುವವರು ಯಾರೂ ಬೀಟೆ ಮಂಚ ಎತ್ತಿದವರಲ್ಲ. ಮನೆಗೆ ಬಂದ ನೆಂಟರು ಅಜ್ಜನ ಮಂಚವನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, "ಅಸಲಿ ಬೀಟೆ ಕಣ್ರೀ, ಈಗೆಲ್ಲಿ ಸಿಗುತ್ತೆ" ಅಂತಾರೆ, ಕಾಫಿ ಕುಡಿದು ಹೊರಡುತ್ತಾರೆ. ಒಣಗಿದ ಸಾಗುವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ 800 ದಾಟುತ್ತದೆ. ನಂಬಿಕೆ ಬರದಿದ್ದರೆ, ತೀರ್ಥಹಳ್ಳಿಯಿಂದ ಬಂದ ನಮ್ಮ ಮಂಚವನ್ನು ಬೆಂಗಳೂರಿನ ಮೂರನೇ ಮಹಡಿಗೆ ಹೊತ್ತ ಹುಡುಗರನ್ನು ಕೇಳಿ. ಲಿಫ್ಟಿನಲ್ಲಿ ಹಿಡಿಸಲಿಲ್ಲ. ಎರಡನೇ ಮಹಡಿಯಲ್ಲಿ ಇಳಿಸಿ ಕೂತವನೊಬ್ಬ, "ಸಾರ್, ಒಳಗಡೆ ಏನಾದ್ರೂ ತುಂಬಿದೀರಾ?" ಅಂತ ಅನುಮಾನದಿಂದ ಕೇಳಿದ.

ಸೊಳ್ಳೆಪರದೆ ಕಟ್ಟೋಣ ಅಂತ ಭಾವಮೈದ ಮೊಳೆ ಹೊಡೆದ. ಮೊಳೆ ಬಗ್ಗಿ ನಮಸ್ಕಾರ ಮಾಡಿತು. ಕೊನೆಗೆ ಆಚಾರ್ರು ಬಂದರು. ಮೊದಲು ಡ್ರಿಲ್ಲಿನಲ್ಲಿ ತೂತು ಕೊರೆದು, ಸ್ಕ್ರೂಗೆ ಮೇಣ ಸವರಿ ತಿರುಗಿಸಬೇಕು, ಇದರ ಎಳೆ ಒಂದೇ ಕಡೆ ಹೋಗಲ್ಲ, ಒಂದಕ್ಕೊಂದು ಹೆಣೆದುಕೊಂಡಿರುತ್ತೆ, ಹತ್ತರಿ ಹೊಡೆದರೆ ಇಲ್ಲಿ ನುಣುಪು ಬಂದರೆ ಪಕ್ಕದಲ್ಲೇ ಕಿತ್ತು ಬರುತ್ತೆ, ಉಳಿ ಮಸೆದೂ ಮಸೆದೂ ಸಾಕಾಗುತ್ತೆ ಅಂತ ವಿವರಿಸುತ್ತಲೇ ಕೂಲಿ ಏರಿಸಿದರು.

ಮಂಚದ ತಲೆಭಾಗ ಕಿಟಕಿಗೆ ಅಡ್ಡ ಬರುತ್ತಿತ್ತು. ಹಾಗಾಗಿ ಕಾಲುಗಳನ್ನು ಎರಡಿಂಚು ಕೊಯ್ಯಿಸಬೇಕಾಯಿತು. ನೇರಳೆ-ಕಂದು ಹೊಟ್ಟು ಉದುರಿತು, ಗುಲಾಬಿಯಂಥ ತೆಳು ಪರಿಮಳ ಹರಡಿತು. ಆಹಾ ಅನ್ನುವಷ್ಟರಲ್ಲಿ ಮನೆಮಂದಿಗೆಲ್ಲ ಸೀನು. ಆಚಾರ್ರು ಮಾತ್ರ ಮೊದಲೇ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದರು, ನಮಗೊಂದು ಮಾತು ಹೇಳಬಹುದಿತ್ತು ಅಲ್ವಾ?

ಉಳಿದದ್ದು ನಾಲ್ಕು ತುಂಡು. ಉಳಿಗೆ ಹಿಡಿ ಮಾಡ್ತೀನಿ ಅಂತ ಆಚಾರ್ರು ಒಂದನ್ನು ಚೀಲಕ್ಕೆ ಹಾಕಿಕೊಂಡರು. ಕೆಳಗಿನ ಮನೆಯ ಗಿಟಾರ್ ಹುಡುಗ ಓಡಿ ಬಂದ. ಒಳ್ಳೊಳ್ಳೆ ಗಿಟಾರುಗಳಿಗೆ ಬೆರಳಾಡಿಸುವ ಪಟ್ಟಿ ಇದೇ ಮರದ್ದಂತೆ, 2017ರಿಂದ ದೇಶ ದಾಟಿಸಲು ಇದಕ್ಕೆ ಪರವಾನಗಿ ಬೇಕಂತೆ, ಆದ್ದರಿಂದ ಅವನಿಗೊಂದು ಕೊಡಬೇಕಂತೆ! ಮೈಸೂರಿನವರು ಬೀಟೆ ಹಲಗೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಕುಸುರಿ ಮಾಡುತ್ತಾರಲ್ಲ, ಅಂಥದ್ದೊಂದು ಮಾಡಿಸೋಣ ಅಂತ ನನ್ನವಳು ಮಿಕ್ಕಿದ್ದನ್ನು ಎತ್ತಿಟ್ಟಳು.

ಅಷ್ಟರಲ್ಲಿ ಊರಿಂದ ದೊಡ್ಡಪ್ಪನ ಫೋನು. "ಪಾಲಿನಲ್ಲಿ ನಿಂಗೆ ಬಂದಿದ್ದು ಮಂಚ. ಕೊಯ್ದ ತುಂಡು ಮಂಚ ಅಲ್ಲ, ಅದು ನಾಟಾ. ನಾಟಾದಲ್ಲಿ ನಂಗೂ ಪಾಲಿದೆ."