ಬಿಲ ಕಂಡರೆ ಸುಮ್ನಿರಲ್ಲ

ಮೊನ್ನೆ ಟೀವಿ ರಿಮೋಟು ಸೋಫಾ ಅಡಿಗೆ ಸೇರಿಕೊಂಡಿತು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಪೊರಕೆಯಲ್ಲಿ ಕೆದಕಿದರೆ ಸಿಕ್ಕಿದ್ದು ಒಂಟಿ ಸಾಕ್ಸು ಮತ್ತು ಎರಡು ಪೆನ್ನಿನ ಮುಚ್ಚಳ. ಆಗ ನೆನಪಾಗಿದ್ದು ಫೆರೆಟ್. ಉದ್ದ ಮೈ, ಗಿಡ್ಡ ಕಾಲು, ತಲೆ ಹಿಡಿಸಿದ ಕಡೆ ಪೂರ್ತಿ ಮೈಯನ್ನೂ ತೂರಿಸುವ ಪ್ರಾಣಿ. ನೋಡಲು ನಮ್ಮ ಮುಂಗುಸಿಯ ತಮ್ಮನ ಹಾಗಿದೆ, ಆದರೆ ನೆಂಟಸ್ತಿಕೆ ಇರುವುದು ನೀರುನಾಯಿಯ ಕಡೆ.

ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ್ದರು, ಅದೇ ಫೆರೆಟ್. ನಾಯಿ ಕಾವಲಿಗೆ, ಬೆಕ್ಕು ಇಲಿಗೆ. ಇದು ಮಾತ್ರ ಒಂದೇ ಗುಣಕ್ಕೆ: ಬಿಲ ಕಂಡರೆ ಸುಮ್ನಿರಲ್ಲ.

ಸ್ಪೇನಿನ ಹತ್ತಿರದ ಬಾಲಿಯಾರಿಕ್ ದ್ವೀಪದವರು ಮೊಲಗಳ ಕಾಟ ತಾಳಲಾರದೆ ಸೈನ್ಯ ಕಳಿಸಿ ಅಂತ ಚಕ್ರವರ್ತಿ ಆಗಸ್ಟಸ್‌ಗೆ ಮೊರೆಯಿಟ್ಟರಂತೆ. ಬರೆದವನು ರೋಮಿನ ಪ್ಲಿನಿ. ಮೊಲಕ್ಕೆ ಸೈನ್ಯ! ಗ್ರೀಕರ ಭೂಗೋಳಕಾರ ಸ್ಟ್ರಾಬೋ ಹೇಳುವ ಉಪಾಯ ಇನ್ನೂ ಅಗ್ಗದ್ದು. ಆಫ್ರಿಕಾದ ಕಡೆಯಿಂದ ತಂದ ಇಂಥದ್ದೇ ಪ್ರಾಣಿಯ ಬಾಯಿ ಕಟ್ಟಿ ಬಿಲದೊಳಗೆ ಬಿಡುತ್ತಿದ್ದರು, ಅದು ಮೊಲವನ್ನು ಉಗುರಿನಿಂದ ಎಳೆದು ತರುತ್ತಿತ್ತು, ಇಲ್ಲವೇ ಹೊರಗೆ ಓಡಿಸುತ್ತಿತ್ತು, ಅಲ್ಲಿ ಜನ ಕಾದು ನಿಂತಿರುತ್ತಿದ್ದರು. ಬಾಯಿ ಯಾಕೆ ಕಟ್ಟಬೇಕು? ಬಿಚ್ಚಿಬಿಟ್ಟರೆ ಒಳಗೇ ಊಟ ಮುಗಿಸಿ, ಅಲ್ಲೇ ಸುರುಳಿ ಸುತ್ತಿ ಮಲಗುತ್ತದೆ. ಯಜಮಾನ ಮೇಲೆ ಕೂತು ಬಿಲ ನೋಡುತ್ತಿರಬೇಕು, ಅಷ್ಟೇ.

ಹೀಗೆ ಬಾಯಿ ಕಟ್ಟಿ ದುಡಿಸಿಕೊಂಡು, ಮೇಲೆ ಇಟ್ಟ ಹೆಸರಾದರೂ ಏನು? ಲ್ಯಾಟಿನ್ನಿನ 'ಕಳ್ಳ' ಎಂಬ ಪದದಿಂದ ಬಂದದ್ದು ಫೆರೆಟ್. ಪುಟ್ಟ ಕಳ್ಳ ಅಂತ. ಮೊಲವನ್ನು ಕೊನೆಗೆ ಮನೆಗೆ ಒಯ್ದವರು ಯಾರು ಅಂತ ಯಾರೂ ಕೇಳಲಿಲ್ಲ.

ನ್ಯೂಜಿಲೆಂಡಿನಲ್ಲಿ ಇದೇ ಆಟ ಕೆಟ್ಟಿತು. ಮೊಲ ತಂದವರೂ ಬಿಳಿಯರೇ, ಅದು ಜಾಸ್ತಿಯಾಯಿತೆಂದು 1880ರ ದಶಕದಲ್ಲಿ ಫೆರೆಟ್‌ಗಳನ್ನು ಸಾವಿರಗಟ್ಟಲೆ ಬಿಟ್ಟವರೂ ಅವರೇ. ಹಾರಲಾರದ ಕಿವಿ ಹಕ್ಕಿ ಕಣ್ಣೆದುರೇ ನಡೆದಾಡುತ್ತಿರುವಾಗ ಮೊಲದ ಹಿಂದೆಯೇ ಯಾಕೆ ಓಡಬೇಕು, ಅಲ್ವಾ? ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಕಥೆ. 2002ರಲ್ಲಿ ಅಲ್ಲಿ ಫೆರೆಟ್ ಮಾರುವುದನ್ನೂ ಮರಿ ಮಾಡಿಸುವುದನ್ನೂ ನಿಷೇಧಿಸಿದರು.

ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಪ್ಯಾಂಟನ್ನೇ ಬಿಲ ಮಾಡಿಬಿಟ್ಟರು. ಕಾಲಿನ ತುದಿಗೆ ದಾರ ಕಟ್ಟಿ, ಒಳಗೆ ಎರಡು ಫೆರೆಟ್ ಬಿಟ್ಟು, ಬೆಲ್ಟು ಬಿಗಿದು ಎಷ್ಟು ಹೊತ್ತು ತಾಳುತ್ತಾರೆಂದು ನೋಡುವ ಪಂದ್ಯ. ಒಳಚಡ್ಡಿ ಹಾಕುವಂತಿಲ್ಲ! ರೆಜ್ ಮೆಲ್ಲರ್ ಎಂಬವರು 1981ರಲ್ಲಿ 5 ಗಂಟೆ 26 ನಿಮಿಷ ನಿಂತರು. ಓದುವಾಗಲೇ ನಾನು ಕಾಲು ಮಡಚಿಕೊಂಡೆ.

ಈಗ ಬಹುಪಾಲು ಫೆರೆಟ್‌ಗಳಿಗೆ ದುಡಿಮೆಯಿಲ್ಲ. ದಿನಕ್ಕೆ 14ರಿಂದ 18 ಗಂಟೆ ನಿದ್ದೆ, ಎದ್ದಾಗ ಕೀ, ಸಾಕ್ಸು ಕದ್ದು ಸೋಫಾ ಅಡಿ ಬಚ್ಚಿಡುವುದು. ಹೆಸರು ಪೂರ್ತಿ ಸುಳ್ಳಲ್ಲ, ಬಿಡಿ.

ನನಗೆ ಇಷ್ಟವಾದವಳು ಫೆಲಿಸಿಯಾ ಎಂಬ ಫೆರೆಟ್. 1971ರಲ್ಲಿ ಅಮೆರಿಕದ ಶಿಕಾಗೋ ಹತ್ತಿರ, ಇಂದು ಫರ್ಮಿಲ್ಯಾಬ್ ಎನ್ನುವ ಪ್ರಯೋಗಾಲಯದಲ್ಲಿ ಕಣಗಳು ಓಡುವ ಕೊಳವೆಯೊಳಗೆ ಲೋಹದ ಚೂರು ಉಳಿದಿತ್ತು. 35 ಡಾಲರ್ ಕೊಟ್ಟು ಇವಳನ್ನು ತಂದರು. ಮೈಗೆ ದಾರ ಕಟ್ಟಿ ಒಂದು ತುದಿಯಿಂದ ಬಿಟ್ಟರೆ ಇನ್ನೊಂದು ತುದಿಗೆ ಬರುತ್ತಿದ್ದಳು, ಆಮೇಲೆ ಆ ದಾರಕ್ಕೆ ಒರೆಸುವ ಬಟ್ಟೆ ಕಟ್ಟಿ ಎಳೆದುಕೊಳ್ಳುತ್ತಿದ್ದರು. ಇದೆಲ್ಲ ಮುನ್ನೂರು ಅಡಿಯಷ್ಟರ ಕೊಳವೆಗಳಲ್ಲಿ. ಅದಕ್ಕೂ ಮೊದಲು ನಾಲ್ಕು ಮೈಲಿಯ ದೊಡ್ಡ ಉಂಗುರದ ಕೊಳವೆಯನ್ನು ತೋರಿಸಿದ್ದರು. ಅದರೊಳಗೆ ಮಾತ್ರ ಅವಳು ಹೋಗಲೇ ಇಲ್ಲ.