ಮೆಟ್ಟಿಲು ಬಿಟ್ಟರೆ ನೀರು ಏರುವುದು ಹೇಗೆ?

ಕಳೆದ ನವೆಂಬರಿನಲ್ಲಿ ನಾವು ಐದು ಜನ ಸೇರಿ ಇಲ್ಲಿ ಇಂಗ್ಲೆಂಡಿನಲ್ಲಿ ರಾಜ್ಯೋತ್ಸವಕ್ಕೆ ‘ಕೆರೆಗೆ ಹಾರ’ ಹಾಡಿದೆವು. ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ಬೇಸ್, ಒಂದು ಡ್ರಮ್, ಹಾಡುವವರು ಇಬ್ಬರು. ಕಾರ್ಯಕ್ರಮದವರು ನಾಲ್ಕೇ ನಿಮಿಷ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದರು. ಹಾಗಾಗಿ ಕತ್ತರಿಸಿದೆವು. ತವರಿಗೆ ಹೋಗಿ ಬರುವುದನ್ನು ಮೊಟಕು ಮಾಡಿದೆವು, ಗೆಳತಿಯ ಮಾತು ತೆಗೆದೆವು, ಕೊನೆಗೆ ಮೆಟ್ಟಿಲುಗಳನ್ನೂ ತೆಗೆದೆವು. ಚಪ್ಪಾಳೆ ಜೋರಾಗಿಯೇ ಬಿತ್ತು. ಬಾಗಲಕೋಟೆ ಹತ್ತಿರದ ನಮ್ಮೂರಲ್ಲಿರುವ ದೊಡ್ಡವ್ವನಿಗೆ ವಿಡಿಯೋ ಕಳಿಸಿದೆ. ಮರುದಿನ ಫೋನ್ ಬಂತು. ‘ಛಲೋ ಹಾಡೀರಿ ತಮ್ಮಾ. ಆದ್ರ ಮೆಟ್ಟಲಾ ಎಲ್ಲಿ ಬಿಟ್ರಿ? ಮೆಟ್ಟಲಾ ಏರದ ನೀರು ಹೆಂಗ ಬಂತು?’

ಈ ಹಾಡು ಗೊತ್ತಿದ್ದವರಿಗೆ ದೊಡ್ಡವ್ವ ಏನು ಕೇಳಿದಳು ಎಂದು ತಟ್ಟನೆ ತಿಳಿಯುತ್ತದೆ. ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಹಾರ, ಅಂದರೆ ಬಲಿ, ಕೊಡಬೇಕೆಂದು ಮನೆಯವರು ನಿರ್ಧರಿಸಿದ್ದಾರೆ. ಪೂಜೆ ಮುಗಿಸಿ ಎಲ್ಲರೂ ಮೇಲೆ ಬಂದ ಮೇಲೆ, ಮರೆತುಬಂದ ಬಂಗಾರದ ಬಟ್ಟಲು ತರಲು ಅವಳು ಒಬ್ಬಳೇ ಕೆಳಗಿಳಿಯುತ್ತಾಳೆ. ತಿರುಗಿ ಏರುವಾಗ ಮೊದಲ ಮೆಟ್ಟಿಲಿಗೆ ನೀರು ಪಾದಕ್ಕೆ ಬರುತ್ತದೆ. ಆಮೇಲೆ ನಡುವಿಗೆ, ಎದೆಗೆ, ಐದನೆಯದಕ್ಕೆ ಕೆರೆ ತುಂಬುತ್ತದೆ. ಹಾಡು ಎಲ್ಲೂ ಅಳುವುದಿಲ್ಲ. ಒಂದೇ ಸಾಲು, ಪ್ರತಿ ಸಲ ಒಂದೆರಡು ಪದ ಮಾತ್ರ ಬೇರೆ, ಅಷ್ಟೇ. ಇಡೀ ಹಾಡಿನ ಜೀವ ಆ ಐದು ಸಾಲಿನಲ್ಲಿದೆ. ನಾವು ಕತ್ತರಿ ಹಾಕಿದ್ದು ಸರಿಯಾಗಿ ಅಲ್ಲಿಗೇ.

ನಾನು ಇಂಗ್ಲೆಂಡಿಗೆ ಬಂದು 14 ವರ್ಷ. ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಒಂದು ಪೌಂಡಿಗೆ ಸಿಕ್ಕ ಸಿ.ಡಿ.ಯಿಂದ ಈ ಕಡೆಯ ಎಪ್ಪತ್ತರ ದಶಕದ ಜಾನಪದ ರಾಕ್‌ನ, ಅಂದರೆ ಹಳೆಯ ಹಾಡುಗಳನ್ನು ಎಲೆಕ್ಟ್ರಿಕ್ ವಾದ್ಯಗಳ ಜೊತೆ ಹಾಡುವ ಸಂಗೀತದ, ಹುಚ್ಚು ಹಿಡಿಯಿತು. ಯಾಕೆ ಇಷ್ಟ ಎಂದು ಯಾರಾದರೂ ಕೇಳಿದರೆ ರಾಗ ಚೆನ್ನಾಗಿದೆ, ಪಿಟೀಲು ಚೆನ್ನಾಗಿದೆ ಎನ್ನುತ್ತಿದ್ದೆ. ನಿಜವಾದ ಕಾರಣ ಹೊಳೆದದ್ದು ದೊಡ್ಡವ್ವ ಕೇಳಿದ ಮೇಲೆ. ಇವರು ಮೆಟ್ಟಿಲು ಬಿಡುವುದಿಲ್ಲ.

ನಾನು ಹೇಳುತ್ತಿರುವ ಆ ಸಿ.ಡಿ. ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ‘ಲೀಜ್ ಅಂಡ್ ಲೀಫ್’. ಬಂದದ್ದು 1969ರ ಡಿಸೆಂಬರಿನಲ್ಲಿ. ತಾರೀಖು ನೋಡಿದರೆ ಎಪ್ಪತ್ತರ ದಶಕದ್ದಲ್ಲ, ಆದರೆ ಆ ದಶಕದ ಈ ಬಗೆಯ ಸಂಗೀತವೆಲ್ಲ ಹೊರಟದ್ದು ಇಲ್ಲಿಂದಲೇ. ಅದೇ ವರ್ಷ ಮೇ ತಿಂಗಳಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ವಾಪಸ್ ಬರುವಾಗ ಎಂ1 ಹೆದ್ದಾರಿಯಲ್ಲಿ ಇವರ ವ್ಯಾನ್ ಉರುಳಿ, 19 ವರ್ಷದ ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡ. ಜೊತೆಗಿದ್ದ ಇನ್ನೊಬ್ಬ ಹುಡುಗಿಯೂ ಹೋದಳು. ಉಳಿದವರು ಹ್ಯಾಂಪ್‌ಶೈರಿನ ಹಳ್ಳಿಯೊಂದರಲ್ಲಿ ಮನೆ ಬಾಡಿಗೆಗೆ ಹಿಡಿದು ಬೇಸಿಗೆಯಿಡೀ ಹಳೆಯ ಕಥನಗೀತೆಗಳನ್ನು ಕಲಿತರು. ಬೇಸ್ ನುಡಿಸುವ ಆಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ಗೆ ಹೋಗಿ ಅಲ್ಲಿಯ ಸಂಗ್ರಹದಲ್ಲಿ ಹಾಡು ಹುಡುಕುತ್ತಿದ್ದರು.

ಅದರಲ್ಲಿ ‘ಟ್ಯಾಮ್ ಲಿನ್’ ಎಂಬ ಹಾಡು ಏಳು ನಿಮಿಷ ದಾಟುತ್ತದೆ. ಸ್ಕಾಟ್ಲೆಂಡಿನ ಗಡಿಸೀಮೆಯ ಕತೆ. ಯಕ್ಷಿಣಿಯರ ರಾಣಿಯ ಕೈಗೆ ಸಿಕ್ಕ ಒಬ್ಬ ಗಂಡಸನ್ನು ಅವನಿಂದ ಬಸುರಾದ ಜಾನೆಟ್ ಬಿಡಿಸಿಕೊಂಡು ಬರಬೇಕು. ಅವನನ್ನು ಕುದುರೆಯಿಂದ ಎಳೆದು ತಬ್ಬಿ ಹಿಡಿದುಕೊಳ್ಳಬೇಕು, ಏನಾದರೂ ಬಿಡಬಾರದು. ತೋಳಿನೊಳಗೇ ಅವನು ಹಾವಾಗುತ್ತಾನೆ, ಸಿಂಹವಾಗುತ್ತಾನೆ, ಕೊನೆಗೆ ಬೆತ್ತಲೆ ಮನುಷ್ಯ. ಒಂದೇ ಸಾಲು, ಪ್ರತಿ ಸಲ ಪ್ರಾಣಿ ಮಾತ್ರ ಬೇರೆ. ಭಾಗೀರಥಿಯ ಮೆಟ್ಟಿಲೇ ಅಲ್ವಾ ಇದು? ತಂಡದ ಗಾಯಕಿ ಸ್ಯಾಂಡಿ ಡೆನ್ನಿ ಇದನ್ನು ಸಮಾಚಾರ ಹೇಳಿದಷ್ಟು ಸಲೀಸಾಗಿ ಹಾಡುತ್ತಾರೆ. ಹೆದರಿಸುವ ಕೆಲಸವನ್ನೆಲ್ಲ ಗಿಟಾರ್ ಮತ್ತು ಡ್ರಮ್‌ಗೆ ಬಿಟ್ಟಿದ್ದಾರೆ. ಸಾಲು ಮುಗಿದ ಕೂಡಲೇ ಎರಡೂ ಸೇರಿ ಒಂದು ಗುದ್ದು ಕೊಡುತ್ತವೆ, ಮತ್ತೆ ಸುಮ್ಮನಾಗುತ್ತವೆ. ಧ್ವನಿಯ ಮೇಲೆ ಬಂದು ಕೂರುವುದಿಲ್ಲ. ಅದೇ ಆಲ್ಬಂನ ‘ಮ್ಯಾಟಿ ಗ್ರೋವ್ಸ್’ ಎಂಟು ನಿಮಿಷ. ಅದರಲ್ಲಿ ಕೊಲೆಯಾಗಿ, ಹೆಣ ಹೂಳುವ ಮಾತು ಮುಗಿಯುವ ತನಕ ರಿಚರ್ಡ್ ಥಾಂಪ್ಸನ್ನರ ಗಿಟಾರ್ ಆಗಲಿ ಡೇವ್ ಸ್ವಾರ್ಬ್ರಿಕ್‌ರ ಪಿಟೀಲಾಗಲಿ ಮುಂದೆ ಬರುವುದಿಲ್ಲ. ಕತೆ ಮುಗಿದ ಮೇಲೆ ಮಾತ್ರ ಹಗ್ಗ ಬಿಚ್ಚಿದ ಹೋರಿಗಳ ಹಾಗೆ ಓಡುತ್ತವೆ. ನಮ್ಮ ಫ್ಯೂಷನ್‌ನಲ್ಲಿ ಇದು ತಿರುಗಾಮುರುಗಾ. ಎರಡು ನುಡಿ ಆಗುವಷ್ಟರಲ್ಲಿ ಗಿಟಾರಿನ ಅಬ್ಬರ, ಆಮೇಲೆ ಪಲ್ಲವಿಯನ್ನೇ ಹತ್ತು ಸಲ.

ಹಚಿಂಗ್ಸ್ ಆಮೇಲೆ ಸ್ಟೀಲೈ ಸ್ಪ್ಯಾನ್ ಎಂಬ ತಂಡ ಕಟ್ಟಿದರು. 1971ರ ಇವರ ‘ಪ್ಲೀಸ್ ಟು ಸೀ ದ ಕಿಂಗ್’ ನನಗೆ ತುಂಬಾ ಇಷ್ಟ. ರಾಕ್ ಆಲ್ಬಂ, ಆದರೆ ಡ್ರಮ್ಮರ್ರೇ ಇಲ್ಲ! ಎಲೆಕ್ಟ್ರಿಕ್ ಗಿಟಾರು, ಬೇಸು, ಪಿಟೀಲು ಸೇರಿ ಎಬ್ಬಿಸುವ ಸದ್ದಿನಲ್ಲೇ ತಾಳ ಇದೆ. ಇದೇ ತಂಡದ 1975ರ ‘ಆಲ್ ಅರೌಂಡ್ ಮೈ ಹ್ಯಾಟ್’ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು, ಎಲ್ಲರಿಗೂ ಅದೇ ಗೊತ್ತು. ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಲ್ಲಿ ಕತೆ ಹಿಂದೆ ಸರಿದು ಪಲ್ಲವಿ ಮುಂದೆ ಬಂದಿದೆ. ಪೆಂಟ್ಯಾಂಗಲ್ ತಂಡದವರ 1970ರ ‘ಕ್ರೂಯೆಲ್ ಸಿಸ್ಟರ್’ ಕೇಳಿ. ಎಲ್.ಪಿ.ಯ ಎರಡನೇ ಬದಿಯಿಡೀ ಒಂದೇ ಕಥನಗೀತೆ, 18 ನಿಮಿಷಕ್ಕೂ ಜಾಸ್ತಿ. ಶೀರ್ಷಿಕೆ ಹಾಡಿನಲ್ಲಿ ಜಾನ್ ರೆನ್‌ಬೋರ್ನ್ ಸಿತಾರ್ ನುಡಿಸಿದ್ದಾರೆ. ಸಿತಾರ್ ಕೇಳಿಸಿದ ಕೂಡಲೇ ನನಗೆ ಹೆಮ್ಮೆಯಾಗಿತ್ತು, ನಿಜ. ಆದರೆ ಅದು ಚೆಂದ ಕೇಳಿಸುವುದು ಜ್ಯಾಕಿ ಮೆಕ್‌ಶೀ ಧ್ವನಿಯ ಕೆಳಗೆ ತಗ್ಗಿ ನಡೆಯುವುದರಿಂದ. ಗಾಯಕಿ ಶರ್ಲಿ ಕಾಲಿನ್ಸ್ ಅವರ ‘ನೋ ರೋಸಸ್’ ಆಲ್ಬಂ ಬಗ್ಗೆ ಬೇರೆಯೇ ಬರೆಯಬೇಕು. ಸಫೋಕ್‌ನಲ್ಲಿ 1827ರಲ್ಲಿ ನಿಜವಾಗಿ ನಡೆದ ಒಂದು ಕೊಲೆಯ ಹಾಡು ಅದರಲ್ಲಿದೆ. ಅವರ ಧ್ವನಿಯಲ್ಲಿ ಒಂದು ಗಮಕ ಇಲ್ಲ, ನಡುಕ ಇಲ್ಲ. ನಮ್ಮಲ್ಲಿ ಬೀಸುವಾಗ ಹಾಡುವ ಹೆಂಗಸರು ಹೀಗೇ ಹಾಡುತ್ತಾರೆ.

ಐರ್ಲೆಂಡಿನ ಪ್ಲ್ಯಾಂಕ್ಸ್ಟಿ ತಂಡದ ಮಾತು ಬಂದರೆ ನನಗೆ ಇನ್ನೊಂದು ವಿಷಯ ಕಾಡುತ್ತದೆ. 1973ರ ಅವರ ಮೊದಲ ಆಲ್ಬಂ, ಕಪ್ಪು ಕವರಿನದು, ಶುರುವಾಗುವುದೇ ಗಂಡನನ್ನು ಬಿಟ್ಟು ಅಲೆಮಾರಿಗಳ ಹಿಂದೆ ಹೋದ ದೊಡ್ಡಮನೆಯ ಹೆಂಗಸಿನ ಹಾಡಿನಿಂದ. ಹಾಡು ಮುಗಿಯುತ್ತಿದ್ದ ಹಾಗೆ, ಉಸಿರು ಬಿಡಲೂ ಜಾಗ ಕೊಡದೆ, ತಂತಿವಾದ್ಯಗಳ ನಡುವಿನಿಂದ ಲಿಯಮ್ ಓಫ್ಲಿನ್‌ರ ಪೈಪ್ ಏಳುತ್ತದೆ. ಇಲ್ಯನ್ ಪೈಪ್ ಎನ್ನುತ್ತಾರೆ. ಬಾಯಿಂದ ಊದುವುದಿಲ್ಲ, ಕಂಕುಳ ಕೆಳಗಿನ ತಿದಿಯನ್ನು ಮೊಣಕೈಯಿಂದ ಒತ್ತುತ್ತಾರೆ. ಆ ಜಾಗ ಬಂದರೆ ಈಗಲೂ ನಾನು ಮಾತು ನಿಲ್ಲಿಸುತ್ತೇನೆ. ಈ ಹಾಡನ್ನು ತಂಡದ ಗಾಯಕ ಕ್ರಿಸ್ಟಿ ಮೂರ್ ಕಲಿತದ್ದು ಜಾನ್ ರೈಲಿ ಎಂಬ ಅಲೆಮಾರಿ ಸಮುದಾಯದ ಗಾಯಕರಿಂದ. ರೈಲಿ ಕಡುಬಡವರು. ಅವರ ಹಾಡುಗಳನ್ನು ಟಾಮ್ ಮುನ್ನೆಲ್ಲಿ ಎಂಬ ಸಂಗ್ರಾಹಕರು ಧ್ವನಿಮುದ್ರಿಸಿಕೊಂಡರು. ಅದರಲ್ಲಿ ಒಂದು, ಬಾಯಿಂದ ಬಾಯಿಗೆ ಬರುವುದು ನಿಂತೇ ಹೋಗಿದೆ ಎಂದು ವಿದ್ವಾಂಸರು ಅಂದುಕೊಂಡಿದ್ದ ಹಾಡು. ಅದನ್ನೇ ಪ್ಲ್ಯಾಂಕ್ಸ್ಟಿ ಎರಡನೇ ಆಲ್ಬಂಗೆ ಹೆಸರಾಗಿ ಇಟ್ಟುಕೊಂಡಿತು. ರೈಲಿ 1969ರಲ್ಲೇ ತೀರಿಕೊಂಡಿದ್ದರು, ಇದೇನನ್ನೂ ನೋಡಲಿಲ್ಲ. ಆದರೆ ಹೆಸರು ಉಳಿದಿದೆ. ನಮ್ಮ ಆಲ್ಬಂಗಳಲ್ಲಿ, ಯೂಟ್ಯೂಬಿನಲ್ಲಿ, ಹಾಡಿನ ಕೆಳಗೆ ಎಷ್ಟೋ ಸಲ ‘ಜಾನಪದ’ ಎಂದಷ್ಟೇ ಇರುತ್ತದೆ. ಯಾವ ಊರು, ಯಾರ ಬಾಯಿಂದ ಬಂತು, ಏನೂ ಇಲ್ಲ. ಆ ಹಾಡನ್ನೂ ಯಾರೋ ಒಬ್ಬಾಕೆ ಹೇಳಿಕೊಟ್ಟಿರುತ್ತಾಳಲ್ಲ?

ಹಾರ್ಪ್ ಎಂಬ ತಂತಿವಾದ್ಯ ನುಡಿಸುವ ಗಾಯಕ ಅಲನ್ ಸ್ಟಿವೆಲ್ ಬ್ರಿಟಿಷರಲ್ಲ, ಫ್ರಾನ್ಸಿನ ಬ್ರಿಟ್ಟನಿ ಮೂಲದವರು. ಆದರೂ ಅವರನ್ನು ಬಿಟ್ಟರೆ ನನಗೆ ಸಮಾಧಾನವಾಗದು. ಬ್ರಿಟ್ಟನಿಯ ಶಾಲೆಗಳಲ್ಲಿ ಅಲ್ಲಿಯ ಭಾಷೆ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಕ್ಕಳ ಕೊರಳಿಗೆ ಮರದ ಚಪ್ಪಲಿಯನ್ನೋ ಇನ್ನೇನನ್ನೋ ನೇತುಹಾಕುವ ಶಿಕ್ಷೆ ಇತ್ತು. ಸ್ಟಿವೆಲ್‌ರ ಅಪ್ಪ ಹಳೆಯ ಕೆಲ್ಟಿಕ್ ಹಾರ್ಪನ್ನು ಮತ್ತೆ ಕಟ್ಟಿ ಮಗನಿಗೆ ಕೊಟ್ಟರು. 1972ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ ಆ ಮಗ ಅದೇ ಬ್ರೆಟನ್ನಿನಲ್ಲಿ ಹಾಡಿದರು. ಆ ಆಲ್ಬಂನಲ್ಲಿ ಜನರ ಕೂಗು, ಚಪ್ಪಾಳೆ ಎಲ್ಲ ಕೇಳಿಸುತ್ತದೆ. ನನಗೆ ಒಂದು ಪದವೂ ಅರ್ಥವಾಗುವುದಿಲ್ಲ, ಆದರೂ ಕಣ್ಣು ತುಂಬುತ್ತದೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳಿದ್ದಾಳೆ ನನಗೆ.

ಎಲ್ಲದರಲ್ಲೂ ಇವರೇ ಮೇಲು ಅಂತ ನಾನು ಹೇಳುತ್ತಿಲ್ಲ. ಸೆಸಿಲ್ ಶಾರ್ಪ್ 1903ರಲ್ಲಿ ಸಾಮರ್ಸೆಟ್‌ನ ತೋಟಗಾರನೊಬ್ಬನ ಹಾಡು ಬರೆದುಕೊಂಡು ಸಂಗ್ರಹ ಶುರುಮಾಡಿದರು. ನಮ್ಮಲ್ಲಿ ಹಲಸಂಗಿ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಇಲ್ಲಿಯ ಹುಡುಗರು ಹಾಡು ಹುಡುಕಿಕೊಂಡು ಕಪಾಟಿಗೆ ಹೋಗಬೇಕಾಯಿತು. ನಾವು ಜಾತ್ರೆಗೆ ಹೋದರೆ ಸಾಕು. ಮಾದಪ್ಪನ ಕತೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ, ಕೇಳುವವರು ಕಂಬಳಿ ಹೊದ್ದು ಬೆಳಗಿನವರೆಗೂ ಕೂರುತ್ತಾರೆ. ಅಂಥ ಜನ ನಾವು ಮೈಕು, ಲೈಟು ಬಂದ ಕೂಡಲೇ ನಾಲ್ಕು ನಿಮಿಷ ಸಾಕು ಎನ್ನುವುದು ಯಾಕೆ? ಉದ್ದ ಹಾಡು ಯಾರೂ ಕೇಳುವುದಿಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಕತೆ ಬಿಗಿಯಾಗಿದ್ದರೆ ಕೇಳುತ್ತಾರೆ. ಆಕ್ಸ್‌ಫರ್ಡ್‌ಶೈರಿನ ಕ್ರಾಪ್ರೆಡಿಯಲ್ಲಿ ಫೇರ್‌ಪೋರ್ಟ್‌ನವರ ಆಗಸ್ಟ್ ಉತ್ಸವಕ್ಕೆ ಹೋಗಿದ್ದೆ. ಬಯಲಿನಲ್ಲಿ ಮಳೆಕೋಟು ಹಾಕಿಕೊಂಡು ನಿಂತ ಜನ ‘ಮ್ಯಾಟಿ ಗ್ರೋವ್ಸ್’ನ ಒಂದೊಂದು ನುಡಿಯನ್ನೂ ಜೊತೆಗೆ ಹೇಳುತ್ತಿದ್ದರು.

ಈ ನವೆಂಬರಿಗೆ ನಾವು 11 ನಿಮಿಷ ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಗ್ಯಾರೇಜಿನಲ್ಲಿ ಅಭ್ಯಾಸ ನಡೆದಿದೆ. ದೊಡ್ಡವ್ವ ಫೋನಿನಲ್ಲಿ ಪೂರ್ತಿ ಹಾಡನ್ನು ಎರಡು ಸಲ ಹೇಳಿಕೊಟ್ಟಿದ್ದಾಳೆ, ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ, ವೇದಿಕೆಯಲ್ಲಿ ಅವಳ ಹೆಸರು, ಊರು ಹೇಳಿಯೇ ಶುರುಮಾಡುವುದು. ಮೆಟ್ಟಿಲು ಬಂದಾಗ ಡ್ರಮ್ ಬೇಡ ಎಂದು ಎಲ್ಲರೂ ಒಪ್ಪಿದ್ದಾರೆ. ಒಂದೊಂದು ಮೆಟ್ಟಿಲಿಗೂ ಬೇಸ್ ಒಂದು ಸ್ವರ ಮೇಲೇರುತ್ತದೆ. ಐದನೆಯದಕ್ಕೆ ಅದೂ ನಿಲ್ಲಬೇಕು ಎನ್ನುವುದು ನನ್ನ ವಾದ. ಬೇಸ್ ನುಡಿಸುವ ಗೆಳೆಯ, ನೀರು ತುಂಬಿದ್ದು ಸದ್ದಿನಲ್ಲೇ ಗೊತ್ತಾಗಬೇಕು ಎನ್ನುತ್ತಾನೆ. ಮುಂದಿನ ಭಾನುವಾರ ಎರಡನ್ನೂ ನುಡಿಸಿ ದೊಡ್ಡವ್ವನಿಗೆ ಕೇಳಿಸಬೇಕು.