ಚುಕ್ಕಿ ಛಲೋ, ಕೂರಿಸೋದು ಎಲ್ಲೆ?

ನಿಮ್ಮ ಲೇಖನದಾಗ ರಿವಾಲ್ವರಿಗೆ ರೆಡ್ ಡಾಟ್ (ಗಾಜಿನ್ಯಾಗ ಕೆಂಪು ಚುಕ್ಕಿ ತೋರಸೋ ಗುರಿ ಸಾಧನ) ಹಾಕಿದ್ರ ವಯಸ್ಸಾದ ಕಣ್ಣಿಗೆ ಆರಾಮ ಅಂತ ಬರದೀರಿ. ಖರೇನರಿ. ಐವತ್ತು ದಾಟಿದ ಮ್ಯಾಲ ನನಗ ಮುಂದಿನ ಸೈಟ್ (ನಳಿಗಿ ತುದಿಯ ಗುರಿ ಗೂಟ) ಚಂದ ಕಂಡ್ರ ಟಾರ್ಗೆಟ್ ಮಸುಕು, ಟಾರ್ಗೆಟ್ ಕಂಡ್ರ ಸೈಟ್ ಮಸುಕು. ಚುಕ್ಕಿ ಇದ್ರ ಎರಡೂ ಕಣ್ಣ ತೆರದು ಟಾರ್ಗೆಟ್ ಅಷ್ಟ ನೋಡಿದ್ರಾತು.

ಆದ್ರ ನಮ್ಮ ಮನ್ಯಾಗಿರೋದು ಕಾನ್ಪುರದ .32 ರಿವಾಲ್ವರ್, ಇಂಗ್ಲೆಂಡಿನ ಹಳೇ ವೆಬ್ಲಿ ರಿವಾಲ್ವರ್ ನಮೂನಿ, ನಡಕ ಬಗ್ಗಿ ತೆರೆಯೋದು. ಹಿಂದಿನ ಸೈಟ್ ಅಂದ್ರ ಅದನ್ನ ಮುಚ್ಚಿ ಹಿಡಿಯೋ ಕೊಂಡಿ ಮ್ಯಾಲಿನ ಒಂದು ಸೀಳು. ಗುಂಡು ತುಂಬುವಾಗೆಲ್ಲಾ ಕೊಂಡೀನ ಅಲ್ಲಾಡತೈತಿ, ಅದರ ಮ್ಯಾಲೆ ಏನ್ ಕೂರಸ್ತೀರಿ?

ನಮ್ಮ ಓಣಿ ಲೇಥ್‌ನಂವಾ "ಮ್ಯಾಲ ಎರಡು ತೂತ ಹೊಡದು ಕೊಡ್ಲೇನ್ರಿ ಕಾಕಾ" ಅಂದ. ಬ್ಯಾಡೋ ತಮ್ಮಾ ಅಂದೆ. 1959ರ ಆಯುಧ ಕಾಯ್ದೆ ಪ್ರಕಾರ ರಿಪೇರಿ ಮಾಡಾಂವಗೂ ಲೈಸೆನ್ಸ್ ಬೇಕು. ಹುಬ್ಬಳ್ಳ್ಯಾಗ ಮಿರ್ಚಿ ತಿನ್ಕೋತ ಮಾತಾಡಿದಷ್ಟು ಹಗುರ ಅಲ್ಲದು.

ಮತ್ತ ಗುಂಡು ಹಾರಿದಾಗಿನ ಹೊಡತಕ್ಕ ಸ್ಕ್ರೂ ಸಡಲಾಗಿ ಚುಕ್ಕಿ ಜಾಗಾ ಬಿಡೋದರ ಬಗ್ಗೆ ಒಂದ್ ಸಾಲೂ ಬರದಿಲ್ಲಲ್ರಿ?